ಹಳದಿ ಸಮುದ್ರದ ಮರದಚ್ಚಿನ ಚಿತ್ರಗಳು: ಕೊಳ್ಳುವವರಿಗೂ ಕಾಪಿಡುವವರಿಗೂ

1894ರ ಸೆಪ್ಟೆಂಬರ್ 17ರಂದು, ಯಾಲು ನದಿಯ ಅಳಿವೆಗೆ ಅನತಿದೂರದ ಹಳದಿ ಸಮುದ್ರದಲ್ಲಿ, ಜಪಾನಿನ ನೌಕಾಪಡೆಗೂ ಚೀನದ ಬೈಯಾಂಗ್ ನೌಕಾಪಡೆಗೂ ನಡೆದ ಘೋರ ಕದನದ ವಾರ್ತೆಯು ಟೋಕಿಯೋ ನಗರವನ್ನು ಮುಟ್ಟಿದ ಕೆಲವೇ ವಾರಗಳೊಳಗೆ, ಅಲ್ಲಿಯ ಚಿತ್ರದಂಗಡಿಗಳ ಮುಂದೆ ಮೂರು ಮೂರು ಹಾಳೆಗಳನ್ನು ಒತ್ತಟ್ಟಿಗೆ ಜೋಡಿಸಿದ ಬಣ್ಣದ ಚಿತ್ರಗಳು ಕಾಣಿಸಿಕೊಂಡುವು. ಕದನವನ್ನು ಕಣ್ಣಾರೆ ಕಾಣದ ಚಿತ್ರಕಾರರು, ಪತ್ರಿಕೆಗಳಲ್ಲಿ ಬಂದ ವರದಿಗಳನ್ನೇ ಆಧಾರವಾಗಿಟ್ಟುಕೊಂಡು ಹಗಲಿರುಳು ಬರೆದು, ಕೊರೆಯುವವರಿಂದ ಕೊರೆಯಿಸಿ, ಅಚ್ಚೊತ್ತುವವರಿಂದ ಒತ್ತಿಸಿ ಜನರ ಕೈಗಿತ್ತ ಆ ಚಿತ್ರಗಳು ಅಂದು ಅಗ್ಗದ ಸರಕಾಗಿದ್ದುವು. ಇಂದಾದರೋ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ, ಲಂಡನ್ನಿನ ಬ್ರಿಟಿಷ್ ಲೈಬ್ರರಿ, ಸೇಂಟ್ ಲೂಯಿಸ್ ನಗರದ ಕಲಾಸಂಗ್ರಹಾಲಯ ಮೊದಲಾದ ಘನ ಸಂಸ್ಥೆಗಳು ಅವುಗಳನ್ನು ಜತನದಿಂದ ಕಾಪಾಡಿಕೊಂಡು ಬರುತ್ತಿವೆ.

ಯುದ್ಧಕಾಲದ ನೌಕಾಶೌರ್ಯವನ್ನು ಚಿತ್ರಿಸಿದ ಹಳೆಯ ಅಚ್ಚುಚಿತ್ರಗಳನ್ನು ಸಂಗ್ರಹಿಸಬೇಕೆಂಬ ಅಭಿಲಾಷೆಯುಳ್ಳವರಿಗೆ ಬೇರೆ ದಾರಿಗಳೂ ಇಲ್ಲದಿಲ್ಲ. ಇಂಗ್ಲೆಂಡಿನ ನೌಕಾದಳಪತಿ ನೆಲ್ಸನ್ನನ ಮರಣವನ್ನು ಕುರಿತು ಬೆಂಜಮಿನ್ ವೆಸ್ಟ್ 1806ರಲ್ಲಿ ಬರೆದ ಚಿತ್ರವನ್ನು ಅನುಸರಿಸಿ ಜೇಮ್ಸ್ ಹೀತ್ 1811ರಲ್ಲಿ ಹೊರತಂದ ಕೆತ್ತನೆಯಿಂದ ಮೊದಲುಗೊಂಡು ಇಂಗ್ಲೆಂಡಿನ ಪರಂಪರೆ ಒಂದು ಉಂಟು. ಅದಕ್ಕೆ ಅದರದೇ ಆದ ಗಾಂಭೀರ್ಯವೂ ಉಂಟು. ಆದರೂ ಹೊಸದಾಗಿ ಆರಂಭಿಸುವವರು ಜಪಾನಿನ ಮೇಜಿ ಕಾಲದ ಮರದಚ್ಚುಗಳನ್ನು ಆರಿಸಿಕೊಳ್ಳುವುದೇ ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಇಂಗ್ಲಿಷ್ ಕೆತ್ತನೆಯು ಘಟನೆ ನಡೆದ ಎಷ್ಟೋ ವರ್ಷಗಳ ತರುವಾಯ ಶಾಂತಚಿತ್ತದಿಂದ ರಚಿತವಾದ ಸ್ಮಾರಕವಾದರೆ, ಜಪಾನಿನ ಹಾಳೆಯು ಘಟನೆಯ ಬಿಸಿ ಆರುವ ಮುನ್ನವೇ ಬೀದಿಗೆ ಬಂದ ವಸ್ತು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಎಂದು ಅಚ್ಚಾದೆನೆಂಬುದನ್ನು ಅದು ತನ್ನ ಅಂಚಿನಲ್ಲಿಯೇ ಹೇಳಿಕೊಳ್ಳುತ್ತದೆ. ಘಟನೆಯ ದಿನಾಂಕವನ್ನೂ ಮುದ್ರಣದ ದಿನಾಂಕವನ್ನೂ ಎದುರುಬದುರು ಇರಿಸಿಕೊಂಡು ಓದಬಲ್ಲವನಿಗೆ ಈ ಚಿತ್ರಗಳು ಕೊಡುವ ತಿಳಿವು ಬರಿಯ ಅಂದವನ್ನು ನೋಡಿ ಕೊಳ್ಳುವವನಿಗೆ ಎಂದಿಗೂ ದಕ್ಕದು.

ಆದುದರಿಂದ ಹಣವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ಕಥೆಯನ್ನು ತಿಳಿಯಬೇಕು. ಒಂದು ಉದಾಹರಣೆಯನ್ನು ವಿಸ್ತಾರವಾಗಿಯೇ ಹೇಳುತ್ತೇನೆ. ಯಾಲು ಕದನದಲ್ಲಿ ಜಪಾನಿನ ದಳಪತಿ ಇಟೊ ಸುಕೆಯುಕಿ ಏರಿದ್ದ ಹಡಗು ಮತ್ಸುಶಿಮಾ. ಎದುರಾಳಿಗಳಲ್ಲಿ ಮುಖ್ಯವಾದುವು ಜರ್ಮನಿಯಲ್ಲಿ ಕಟ್ಟಲ್ಪಟ್ಟ, ಒಂದೊಂದೂ ಏಳು ಸಾವಿರ ಟನ್ನಿಗೂ ಮೀರಿದ ಡಿಂಗ್‌ಯುವಾನ್ ಮತ್ತು ಜೆನ್‌ಯುವಾನ್ ಎಂಬ ಉಕ್ಕಿನ ಕವಚದ ನೌಕೆಗಳು. ಜೆನ್‌ಯುವಾನಿನಿಂದ ಹಾರಿಬಂದ 30.5 ಸೆಂಟಿಮೀಟರ್ ವ್ಯಾಸದ ಗುಂಡು ಮತ್ಸುಶಿಮಾದ ಮೇಲೆ ಬಿದ್ದು, ಅಲ್ಲಿ ರಾಶಿಯಾಗಿದ್ದ ಮದ್ದುಗುಂಡುಗಳಿಗೆ ಬೆಂಕಿ ತಗುಲಿ ಅನೇಕರು ಹತರಾದರು. ಮರಣೋನ್ಮುಖನಾಗಿ ಬಿದ್ದಿದ್ದ ಮಿಯುರಾ ತೊರಾಜಿರೊ ಎಂಬ ಸಾಮಾನ್ಯ ನಾವಿಕನು ಅತ್ತ ಹಾದುಹೋಗುತ್ತಿದ್ದ ಮೇಲಧಿಕಾರಿಯನ್ನು ನಿಲ್ಲಿಸಿ, ಡಿಂಗ್‌ಯುವಾನ್ ಇನ್ನೂ ಮುಳುಗಲಿಲ್ಲವೆ ಎಂದು ಕೇಳಿದನಂತೆ. ಅದು ಇನ್ನು ಕಾದಾಡಲಾರದೆಂಬ ಉತ್ತರವನ್ನು ಕೇಳಿ ಸಮಾಧಾನದಿಂದ ಪ್ರಾಣ ಬಿಟ್ಟನಂತೆ. ಈ ವೃತ್ತಾಂತವು ದೇಶದಾದ್ಯಂತ ಹಬ್ಬಿ, 1895ರಲ್ಲಿ ಸಸಾಕಿ ನೊಬುತ್ಸುನಾ ಎಂಬ ಕವಿಯಿಂದ ಹಾಡೂ ಆಯಿತು. ನಿಜದಲ್ಲಿ ಡಿಂಗ್‌ಯುವಾನ್ ಅಂದು ಮುಳುಗಲಿಲ್ಲ. ಮರುವರ್ಷದ ಫೆಬ್ರವರಿ ತಿಂಗಳಿನಲ್ಲಿ ವೆಯ್‌ಹಾಯ್‌ವೆಯ್ ಬಂದರಿನೊಳಕ್ಕೆ ರಾತ್ರಿಯ ಕಾಲದಲ್ಲಿ ನುಸುಳಿದ ಟಾರ್ಪೆಡೋ ದೋಣಿಗಳ ಏಟಿನಿಂದ ಅದು ಕೆಲಸಕ್ಕೆ ಬಾರದಂತಾಯಿತು. ಇಷ್ಟನ್ನು ಬಲ್ಲವನಿಗೆ, ಕೆಳಗೆ ಬಿದ್ದ ನಾವಿಕನೊಬ್ಬ ತಲೆಯೆತ್ತಿ ಅಧಿಕಾರಿಯೊಬ್ಬನನ್ನು ಕೇಳುತ್ತಿರುವ ಚಿತ್ರವು ಅಂಗಡಿಯವನು ಹೆಸರು ಹೇಳದಿದ್ದರೂ ಇದೇ ಎಂದು ಹೊಳೆಯುತ್ತದೆ. ಹಾಳೆಯ ಅಂಚಿನ ದಿನಾಂಕವು 1894ರ ಶರತ್ಕಾಲದ್ದೆ, ಅಥವಾ ಹಾಡು ಹಬ್ಬಿದ ಮೇಲಿನದೆ ಎಂಬ ವಿಚಾರವೂ ತಾನಾಗಿ ಮುಂದೆ ಬಂದು ನಿಲ್ಲುತ್ತದೆ.

ಈ ಯುದ್ಧವನ್ನು ಚಿತ್ರಿಸಿದವರಲ್ಲಿ ಅಗ್ರಗಣ್ಯನು ಕೊಬಯಾಶಿ ಕಿಯೋಚಿಕಾ. 1847ರಲ್ಲಿ ಹುಟ್ಟಿ 1915ರಲ್ಲಿ ತೀರಿಕೊಂಡ ಈತನು ಯೌವನದಲ್ಲಿ ಟೋಕಿಯೋ ನಗರದ ದೀಪ, ಮಂಜು, ಬೆಂಕಿ, ಬೆಳದಿಂಗಳುಗಳನ್ನು ಬರೆದು ಹೆಸರಾದವನು. ಬೆಳಕಿನ ಮೇಲಣ ಆ ಪ್ರಭುತ್ವವನ್ನು ಯುದ್ಧದ ಕಾಲಕ್ಕೆ ಕಡಲಿನ ಕತ್ತಲೆಗೆ ತಂದನು. 1894ರ ಅಕ್ಟೋಬರಿನಲ್ಲಿ ಪ್ರಕಟವಾದ ಅವನ ಒಂದು ತ್ರಿಪಟದಲ್ಲಿ, ಎಂದರೆ ಮೂರು ಹಾಳೆಗಳ ಚಿತ್ರದಲ್ಲಿ, ಸಮುದ್ರವನ್ನು ನೀರಿನ ಮಟ್ಟದಲ್ಲಿ ಸೀಳಿ ತೋರಿಸಿದಂತಿದೆ: ಮೇಲೆ ಗುಂಡು ಹಾರಿಸುತ್ತಿರುವ ಹಡಗುಗಳು, ಹೊಗೆ, ಜ್ವಾಲೆ, ಕೆಳಗೆ ನಿಶ್ಶಬ್ದವಾದ ಜಲರಾಶಿಯಲ್ಲಿ ತಳ ಸೇರುತ್ತಿರುವ ಚೀನೀ ನೌಕೆಯೂ ಅದರೊಡನೆ ಇಳಿಯುತ್ತಿರುವ ಮನುಷ್ಯರೂ. ಜಯಘೋಷಕ್ಕೆಂದೇ ಬರೆದ ಚಿತ್ರದೊಳಗೆ ಸೋತವರ ಸಾವಿಗೆ ಇಷ್ಟು ಸ್ಥಳವನ್ನು ಬಿಟ್ಟುಕೊಟ್ಟ ಆ ಕೈಯನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಇನ್ನುಳಿದವರಲ್ಲಿ ಮಿಜುನೊ ತೊಶಿಕಾತಾ, ಮಿಗಿತಾ ತೊಶಿಹಿದೆ ಇವರಿಬ್ಬರೂ 1892ರಲ್ಲಿ ತೀರಿಕೊಂಡ ಮಹಾಚಿತ್ರಕಾರ ಯೋಶಿತೋಶಿಯ ಶಿಷ್ಯರು, ಮಾನವಾಕೃತಿಗಳಲ್ಲಿ ನಿಪುಣರು. ಒಗಾತಾ ಗೆಕ್ಕೊ ಗುರುವಿಲ್ಲದೆ ಕಲಿತವನು, ಕುಂಚದ ತೇವವನ್ನೇ ಮರದ ಮೇಲೆ ಮೂಡಿಸಬಲ್ಲವನು. ಈ ನಾಲ್ವರ ಸಹಿಗಳ ಆಕಾರವನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಆರಂಭಕ್ಕೆ ಸಾಕು.

ಈಗ ದಿನಾಂಕದ ಮಾತು. ಜಪಾನೀ ಭಾಷೆ ಬಾರದೆಂದು ಹಿಂಜರಿಯಬೇಕಾಗಿಲ್ಲ. ಆ ಕಾಲದ ಹಾಳೆಗಳ ಅಂಚಿನಲ್ಲಿ, ಹೆಚ್ಚಾಗಿ ಎಡಗಡೆಯಲ್ಲಿ, ಮೇಜಿ ಶಕದ ವರ್ಷ, ತಿಂಗಳು, ದಿನಗಳೂ ಚಿತ್ರಕಾರ ಮತ್ತು ಪ್ರಕಾಶಕರ ಹೆಸರು ವಿಳಾಸಗಳೂ ಸಣ್ಣ ಅಕ್ಷರಗಳಲ್ಲಿ ಮೇಲಿನಿಂದ ಕೆಳಕ್ಕೆ ಅಚ್ಚಾಗಿರುತ್ತವೆ. ಮೇಜಿ ವರ್ಷಕ್ಕೆ 1867ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ಬರುತ್ತದೆ: ಮೇಜಿ 27 ಎಂದರೆ 1894, ಮೇಜಿ 28 ಎಂದರೆ 1895, ರಷ್ಯಾದೊಡನೆ ಯುದ್ಧ ನಡೆದ ಮೇಜಿ 37 ಮತ್ತು 38 ಎಂದರೆ 1904 ಮತ್ತು 1905. ಅಂಕಿಗಳೂ ಸುಲಭವೇ, ಒಂದು, ಎರಡು, ಮೂರಕ್ಕೆ ಅಷ್ಟಷ್ಟೇ ಅಡ್ಡಗೆರೆಗಳು, ಹತ್ತಕ್ಕೆ ನಮ್ಮ ಕೂಡುವ ಚಿಹ್ನೆಯಂತಹ ಗುರುತು, ಮೂರು ಗೆರೆಗಳ ಕೆಳಗೆ ಆ ಚಿಹ್ನೆ ಬಂದರೆ ಮೂವತ್ತು. ಇಪ್ಪತ್ತಕ್ಕೆ ಮಾತ್ರ ಎರಡು ನಿಲುಗೆರೆಗಳನ್ನು ಅಡ್ಡಗೆರೆಯೊಂದು ದಾಟಿಹೋಗುವ ಒಂದೇ ಅಕ್ಷರವನ್ನು ಬಳಸಿರುವುದುಂಟು. ತಿಂಗಳ ಮುಂದಣ ದಿನದ ಸ್ಥಳವು ಅನೇಕ ವೇಳೆ ಖಾಲಿಯಾಗಿಯೇ ಉಳಿದಿರುತ್ತದೆ. ಅದು ದೋಷವಲ್ಲ, ಅವಸರದ ಗುರುತು. ಚಿತ್ರವನ್ನು ಚೌಕಟ್ಟಿಗೆ ಹೊಂದಿಸುವುದಕ್ಕಾಗಿ ಯಾರೋ ಅಂಚನ್ನು ಕತ್ತರಿಸಿ ಎಸೆದಿದ್ದರೆ, ಹೋದುದು ಅರ್ಧ ಅಂಗುಲದ ಕಾಗದವಲ್ಲ, ಚಿತ್ರದ ಸಾಕ್ಷ್ಯವೇ ಹೋಯಿತೆಂದು ಭಾವಿಸಿ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೇಳಬೇಕು.

ಹಾಳೆಯನ್ನು ಕೈಗೆ ಕೊಟ್ಟರೆ ಮೊದಲು ಮಗುಚಿ ಹಿಂಬದಿಯನ್ನು ನೋಡಿರಿ. ಈ ಚಿತ್ರಗಳು ಅಚ್ಚಾದ ಕಾಗದವು ಕೋಜೊ ಎಂಬ ಗಿಡದ ನಾರಿನದು. ಆ ಗಿಡ ನಮ್ಮ ರೇಷ್ಮೆ ಸೀಮೆಯ ಹಿಪ್ಪುನೇರಳೆಗೆ ಹತ್ತಿರದ ನಂಟು. ಚೆರಿ ಮರದ ಹಲಗೆಯ ಮೇಲೆ ರೇಖೆಗಳಿಗೊಂದು, ಬಣ್ಣ ಬಣ್ಣಕ್ಕೊಂದರಂತೆ ಅಚ್ಚುಗಳನ್ನು ಕೊರೆದು, ನೀರಿನಲ್ಲಿ ಕಲಸಿದ ಬಣ್ಣವನ್ನು ಕುಂಚದಿಂದ ಹಚ್ಚಿ, ತೇವ ಮಾಡಿದ ಕಾಗದವನ್ನು ಅದರ ಮೇಲಿಟ್ಟು, ಬರೆನ್ ಎಂಬ ದುಂಡನೆಯ ಉಜ್ಜುವ ಸಾಧನದಿಂದ ಹಿಂಬದಿಯನ್ನು ಉಜ್ಜಿ ತೆಗೆದುದರಿಂದ, ಬಣ್ಣವು ಕಾಗದದ ಮೇಲೆ ಕುಳಿತಿರುವುದಿಲ್ಲ, ಒಳಗೆ ಇಳಿದಿರುತ್ತದೆ. ಹಿಂದಿನಿಂದ ನೋಡಿದಾಗ ಹಡಗಿನ ಕಪ್ಪು ಮೈಯೂ ಜ್ವಾಲೆಯ ಕೆಂಪೂ ನೆರಳಿನಂತೆ ತೋರುತ್ತವೆ. ಓರೆಬೆಳಕಿನಲ್ಲಿ ಹಿಡಿದರೆ ಉಜ್ಜಿದ ಬಳಸುಗೆರೆಗಳು ಕಾಣಿಸುತ್ತವೆ. ಆಕಾಶದ ಬಯಲಿನಲ್ಲಿ ಹಲವು ವೇಳೆ ಮರದ ನಾರುಗೆರೆಯೇ ಮೂಡಿರುತ್ತದೆ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಜೇಬಿನಲ್ಲಿರಲಿ. ಅದರಡಿಯಲ್ಲಿ ಬಣ್ಣವು ಸಮವಾಗಿ ಹರಡಿ ಕಾಗದದ ನಾರುಗಳು ಕಂಡರೆ ಮರದಚ್ಚು. ಕ್ರಮಬದ್ಧವಾದ ಚುಕ್ಕೆಗಳ ಸಾಲು ಕಂಡರೆ ಯಂತ್ರದ ಪ್ರತಿಕೃತಿ. ಕ್ರಮವಿಲ್ಲದ ಕಲ್ಲುಹುಡಿಯಂತಹ ಚುಕ್ಕೆಗಳು ಕಂಡರೆ ಕಲ್ಲಚ್ಚು. ರಷ್ಯಾ ಯುದ್ಧದ ಕಾಲದ ಕಲ್ಲಚ್ಚುಗಳು ಸುಳ್ಳುಗಳಲ್ಲ, ಅವೂ ಆ ಕಾಲದವೇ. ಮರದಚ್ಚಿನ ಬೆಲೆಯನ್ನು ಅವಕ್ಕೆ ಕೊಡಬಾರದು, ಅಷ್ಟೆ.

ಒಂದೊಂದು ಹಾಳೆಯೂ ಸುಮಾರು 37 ಸೆಂಟಿಮೀಟರ್ ಎತ್ತರ, 25 ಸೆಂಟಿಮೀಟರ್ ಅಗಲ; ಮೂರನ್ನೂ ಬಲದಿಂದ ಎಡಕ್ಕೆ ಓದಿಕೊಳ್ಳಬೇಕು. ಅಂಗಡಿಗಳಲ್ಲಿ ಬೇರೆ ಬೇರೆ ಪ್ರತಿಗಳಿಂದ ಒಂದುಗೂಡಿಸಿದ ತ್ರಿಪಟಗಳು ಕಾಣಸಿಗುವುದರಿಂದ, ಹಾಳೆಗಳು ಕೂಡುವೆಡೆಯಲ್ಲಿ ಕ್ಷಿತಿಜರೇಖೆ, ಹೊಗೆಯ ಮೋಡ, ಹಗ್ಗಗಳು ಒಂದರಿಂದ ಇನ್ನೊಂದಕ್ಕೆ ತಪ್ಪದೆ ಸಾಗುತ್ತವೆಯೆ, ಕಡಲಿನ ನೀಲಿಯ ಛಾಯೆ ಮೂರರಲ್ಲಿಯೂ ಒಂದೇ ಆಗಿದೆಯೆ ಎಂದು ಪರೀಕ್ಷಿಸಬೇಕು. ಹುಳು ಕೊರೆದ ತೂತುಗಳು ಮೂರು ಹಾಳೆಗಳಲ್ಲಿಯೂ ಒಂದೇ ಎಡೆಯಲ್ಲಿದ್ದರೆ ದುಃಖಪಡುವುದರ ಜೊತೆಗೆ ಸ್ವಲ್ಪ ಸಂತೋಷಪಡಲೂ ಬಹುದು. ಬಹುಕಾಲ ಅವು ಒಂದರ ಮೇಲೊಂದಾಗಿ ಒಂದೇ ಆಲ್ಬಮಿನಲ್ಲಿ ಬಾಳಿದುವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಪ್ರಮಾಣವಿಲ್ಲ. ಹೊಲಿಗೆಯ ಸಣ್ಣ ತೂತುಗಳು, ನಡುವಣ ಮಡಿಕೆ, ಹಿಂದೆ ಅಂಟಿಸಿದ ತೆಳು ಕಾಗದ, ಇವು ಕ್ಷಮಾರ್ಹ. ಬಣ್ಣ ಮಾಸಿದುದು ಮಾತ್ರ ಕ್ಷಮಾರ್ಹವಲ್ಲ. ಆ ಕಾಲದಲ್ಲಿ ವಿಶೇಷವಾಗಿ ಬಳಕೆಯಲ್ಲಿದ್ದ ಕೆಂಪು, ನೇರಿಳೆ ಬಣ್ಣಗಳು ಪರದೇಶದಿಂದ ಬಂದ ಅನಿಲೀನ್ ವರ್ಣಗಳು. ಅವು ಬಿಸಿಲಿಗೆ ಬಾಡುತ್ತವೆ, ನೀರಿಗೆ ಹರಡುತ್ತವೆ. ರಾತ್ರಿಯ ಕದನದ ಚಿತ್ರಗಳಲ್ಲಿ ಶೋಧಕ ದೀಪದ ಕಿರಣವನ್ನು ಅನೇಕ ವೇಳೆ ಬಣ್ಣ ತಾಗದ ಬರಿಗಾಗದದಿಂದಲೇ ತೋರಿಸಿರುವುದರಿಂದ, ಬೇರೆಡೆ ಮರೆಯಾಗುವ ಸಣ್ಣ ಕಲೆಯೂ ಆ ಕಿರಣದ ಮೇಲೆ ಬಿದ್ದರೆ ಚಿತ್ರವೆಲ್ಲ ಕೆಟ್ಟಿತೆಂದೇ ತಿಳಿಯಬೇಕು.

ಹತ್ತು ವರ್ಷಗಳ ಅನಂತರದ ರಷ್ಯಾ ಯುದ್ಧದ ವೇಳೆಗೆ ಛಾಯಾಚಿತ್ರ, ಕಲ್ಲಚ್ಚು, ಚಿತ್ರದ ಅಂಚೆಕಾರ್ಡುಗಳು ಬಲವಾಗಿ, ಮರದಚ್ಚು ಕ್ಷೀಣಿಸತೊಡಗಿತ್ತು. ಹೀಗಾಗಿ 1904ರ ಹಾಳೆಗಳಲ್ಲಿ ಒಳ್ಳೆಯವು ಸಿಕ್ಕುವುದು ಕಡಮೆ; ಸಿಕ್ಕರೆ ಬಿಡಬಾರದು. ಅವುಗಳ ಮುಖ್ಯ ನಾಯಕ ಹಿರೋಸೆ ತಾಕೆಯೊ. 1904ರ ಮಾರ್ಚ್ 27ರಂದು ಪೋರ್ಟ್ ಆರ್ಥರ್ ಬಂದರಿನ ಬಾಯನ್ನು ಮುಚ್ಚುವುದಕ್ಕಾಗಿ ಫುಕುಯಿ ಮಾರು ಎಂಬ ಹಡಗನ್ನು ಅಲ್ಲಿ ಮುಳುಗಿಸಲು ಹೋದ ಈ ಅಧಿಕಾರಿಯು, ದೋಣಿಗೆ ಇಳಿಯುವಾಗ ಸುಗಿನೊ ಎಂಬ ತನ್ನ ಸಹಾಯಕನು ಕಾಣದಿರಲು, ಮುಳುಗುತ್ತಿದ್ದ ಹಡಗಿಗೆ ಮರಳಿ ಮರಳಿ ಹತ್ತಿ ಹುಡುಕಿದನೆಂದೂ, ಕಡೆಗೆ ನಿರಾಶನಾಗಿ ದೋಣಿಯಲ್ಲಿ ಹಿಂದಿರುಗುತ್ತಿರುವಾಗ ಗುಂಡಿಗೆ ಆಹುತಿಯಾದನೆಂದೂ ವೃತ್ತಾಂತ. ಅದಕ್ಕೆ ಮೊದಲು ಹಲವು ವರ್ಷ ರಷ್ಯಾದಲ್ಲಿಯೇ ವಾಸವಾಗಿದ್ದು, ಅಲ್ಲಿಯವರ ಸ್ನೇಹವನ್ನು ಸಂಪಾದಿಸಿದ್ದವನು ಆತ ಎಂಬುದನ್ನು ಚಿತ್ರಗಳು ಹೇಳುವುದಿಲ್ಲ, ನೋಡುವವನು ನೆನಪಿಟ್ಟುಕೊಳ್ಳಬೇಕು.

ಅದೇ ವರ್ಷದ ಏಪ್ರಿಲ್ 13ರಂದು ರಷ್ಯಾದ ಪೆತ್ರೊಪಾವ್ಲೊವ್ಸ್ಕ್ ಎಂಬ ಧ್ವಜನೌಕೆಯು ನೀರಿನಲ್ಲಿ ಹುದುಗಿಸಿದ್ದ ಸ್ಫೋಟಕಕ್ಕೆ ತಾಗಿ ಮುಳುಗಿದಾಗ ದಳಪತಿ ಮಕಾರೊವ್ ತೀರಿಕೊಂಡನು. ತೊಶಿಹಿದೆ ಆ ತಿಂಗಳೇ ಬರೆದ ತ್ರಿಪಟದ ಶೀರ್ಷಿಕೆಯು ಆ ನೌಕೆಯನ್ನು ಜಪಾನಿನ ಟಾರ್ಪೆಡೋ ನಾಶಮಾಡಿತೆನ್ನುತ್ತದೆ. ಅವಸರದ ವಾರ್ತೆಯು ಚಿತ್ರದ ಮೈಮೇಲೆ ಹೇಗೆ ಉಳಿದುಬಿಡುತ್ತದೆಂಬುದಕ್ಕೆ ಇದು ನಿದರ್ಶನ. ಅದೇ ನೌಕೆಯಲ್ಲಿ ಮಡಿದವರಲ್ಲಿ ವೆರೆಶ್ಚಾಗಿನ್ ಎಂಬ ರಷ್ಯನ್ ಚಿತ್ರಕಾರನೂ ಒಬ್ಬ. ಯುದ್ಧದ ಭೀಕರತೆಯನ್ನು ತೋರಿಸುವುದಕ್ಕೇ ಬಾಳನ್ನು ಮುಡಿಪಾಗಿಟ್ಟಿದ್ದ ಈತ ನಮ್ಮ ದೇಶದಲ್ಲಿಯೂ ಸಂಚರಿಸಿದ್ದವನು. ಜಯಪುರದಲ್ಲಿ ವೇಲ್ಸಿನ ರಾಜಕುಮಾರನ ಮೆರವಣಿಗೆಯನ್ನು ಕುರಿತ ಅವನ ಬೃಹತ್ತಾದ ಚಿತ್ರವನ್ನು ಕೋಲ್ಕತ್ತೆಯ ವಿಕ್ಟೋರಿಯಾ ಸ್ಮಾರಕದಲ್ಲಿ ಇಂದಿಗೂ ನೋಡಬಹುದು.

ಇಲ್ಲಿಯೇ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಆಡಬೇಕು. ಈ ಚಿತ್ರಗಳಲ್ಲಿ ಬಹುಪಾಲು ಪಕ್ಷಪಾತದವು. ಚೀನೀಯರನ್ನು ಹೇಡಿಗಳಂತೆ, ವಿಕಾರರೂಪಿಗಳಂತೆ ತೋರಿಸಿದ ಹಾಳೆಗಳು ಹೇರಳವಾಗಿವೆ. ಅವುಗಳನ್ನು ಇತಿಹಾಸದ ಸಾಮಗ್ರಿಯಾಗಿ ಇಟ್ಟುಕೊಳ್ಳಬಹುದು, ಮನೆಯ ಗೋಡೆಗೆ ಏರಿಸಲಾಗದು. ಅಂತಹ ಕಾಲದಲ್ಲಿಯೂ ಶತ್ರುವಿನ ಘನತೆಯನ್ನು ಗುರುತಿಸಿದ ಚಿತ್ರವೊಂದು ಬೇಕಾದವರು ತೊಶಿಕಾತಾನು 1895ರಲ್ಲಿ ಬರೆದ ಡಿಂಗ್ ರುಚಾಂಗನ ಅಂತ್ಯಕಾಲದ ತ್ರಿಪಟವನ್ನು ಅರಸಬೇಕು. ವೆಯ್‌ಹಾಯ್‌ವೆಯ್ ಬಂದರಿನಲ್ಲಿ ಸಿಕ್ಕಿಬಿದ್ದು, ಹಡಗುಗಳಲ್ಲಿ ಹಲವು ನಾಶವಾಗಿ, ನೆರವು ಬರುವ ಆಸೆಯೂ ಅಳಿದ ಮೇಲೆ ವಿಷವುಂಡು ಪ್ರಾಣ ಬಿಟ್ಟ ಆ ಚೀನೀ ದಳಪತಿಯನ್ನು ಚಿತ್ರಕಾರನು ಗಂಭೀರನಾಗಿಯೇ ಬರೆದಿದ್ದಾನೆ. ಗೆದ್ದ ಇಟೊ ಕೂಡ ಶವವನ್ನು ಮರ್ಯಾದೆಯಿಂದ ಒಯ್ಯುವುದಕ್ಕಾಗಿ ವಶಪಡಿಸಿಕೊಂಡಿದ್ದ ಹಡಗೊಂದನ್ನು ಬಿಟ್ಟುಕೊಟ್ಟನು. ಒಂದೇ ಒಂದು ತ್ರಿಪಟವನ್ನು ಕೊಳ್ಳಬಲ್ಲವರಿಗೆ ನಾನು ಸೂಚಿಸುವುದು ಇದನ್ನೇ.

ಕೊಳ್ಳುವ ಸ್ಥಳಗಳೆಂದರೆ ಟೋಕಿಯೋದ ಜಿಂಬೋಚೊ ಎಂಬ ಹಳೆಯ ಪುಸ್ತಕಗಳ ಬೀದಿಯಲ್ಲಿರುವ ಅಂಗಡಿಗಳು, ಲಂಡನ್ ನ್ಯೂಯಾರ್ಕುಗಳ ಹರಾಜುಮನೆಗಳು, ಮತ್ತು ಪರದೇಶದ ಚಿತ್ರವ್ಯಾಪಾರಿಗಳು. ಸಾಧಾರಣ ಚಿತ್ರಕಾರನ ತ್ರಿಪಟವು ಕೆಲವು ನೂರು ಡಾಲರುಗಳಿಗೆ ದೊರಕೀತು. ಕಿಯೋಚಿಕಾನ ಹೆಸರಾಂತ ರಾತ್ರಿಚಿತ್ರಗಳು ಅದರ ಎಷ್ಟೋ ಪಾಲು. ಮೊದಲು ಬಾಸ್ಟನ್ ಸಂಗ್ರಹಾಲಯವು ಎಲ್ಲರಿಗೂ ತೆರೆದಿಟ್ಟಿರುವ ಚಿತ್ರಗಳನ್ನು ಕೆಲವು ತಿಂಗಳು ನೋಡಿ, ಅದೇ ಚಿತ್ರದ ಒಳ್ಳೆಯ ಪ್ರತಿಯ ಬಣ್ಣ ಹೇಗಿರುತ್ತದೆಂಬುದನ್ನು ಮನಸ್ಸಿಗೆ ತಂದುಕೊಂಡು ಆಮೇಲೆ ಕೊಳ್ಳಿರಿ. ದೂರದಿಂದ ತರಿಸುವಾಗ ಮೂರು ಹಾಳೆಗಳ ಹಿಂಬದಿಯ ಛಾಯಾಚಿತ್ರವನ್ನೂ ಅಂಚಿನ ಬರಹದ ಸಮೀಪಚಿತ್ರವನ್ನೂ ಕೇಳಬೇಕು. ಕೊಡಲೊಪ್ಪದ ವ್ಯಾಪಾರಿಯ ಬಳಿ ವ್ಯವಹಾರ ಬೇಡ.

ತಂದ ಮೇಲಿನ ಕಾಪು ನಮ್ಮ ಹವೆಯಲ್ಲಿ ಕಷ್ಟದ ಕೆಲಸ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಆಷಾಢ ಶ್ರಾವಣಗಳ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಹುಳು ಕಾಗದದ ಗಂಜಿಯನ್ನು ತಿನ್ನುತ್ತದೆ. ಬಯಲುಸೀಮೆಯಲ್ಲಿ ಗೆದ್ದಲಿನ ಭಯ. ಆದುದರಿಂದ ಹಾಳೆಗಳನ್ನು ಹೊರಗೋಡೆಗೆ ತಾಗಿದ ಬೀರುವಿನಲ್ಲಿಡದೆ, ಒಳಕೋಣೆಯಲ್ಲಿ, ನೆಲದಿಂದ ಎತ್ತರದಲ್ಲಿ, ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿಡಬೇಕು. ನಡುನಡುವೆ ಆಮ್ಲವಿಲ್ಲದ ತೆಳುಗಾಗದವಿರಲಿ. ನುಸಿಗುಳಿಗೆಯನ್ನು ಹಾಳೆಗೆ ತಾಗುವಂತೆ ಇಡಬಾರದು. ಮಳೆಗಾಲ ಕಳೆದು ಗಾಳಿ ಒಣಗಿದ ದಿನ ಪೆಟ್ಟಿಗೆಯನ್ನು ನೆರಳಿನಲ್ಲಿ ತೆರೆದು ನೋಡುವ ಪದ್ಧತಿಯನ್ನಿಟ್ಟುಕೊಳ್ಳಬೇಕು. ಸೆಲೊಟೇಪು, ಫೆವಿಕಾಲು ಇವು ಕಾಗದಕ್ಕೆ ವಿಷಪ್ರಾಯ. ರಟ್ಟಿಗೆ ಅಂಟಿಸಲೇಬೇಕಾದರೆ ಹಾಳೆಯ ಮೇಲಂಚಿಗೆ ಮಾತ್ರ, ಜಪಾನೀ ತೆಳುಗಾಗದದ ಸಣ್ಣ ಪಟ್ಟಿಗಳಿಂದ, ಗೋಧಿಯ ಗಂಜಿಯಿಂದ ಕಾಸಿದ ಅಂಟಿನಲ್ಲಿ ಅಂಟಿಸತಕ್ಕದ್ದು. ಚೌಕಟ್ಟು ಹಾಕಿಸಿದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ರಟ್ಟಿನ ಅಂಚಿರಬೇಕು, ಗಾಜು ನೇರಿಳಾತೀತ ಕಿರಣಗಳನ್ನು ತಡೆಯುವಂತಹುದಾಗಿರಬೇಕು. ಆದರೂ ಒಂದೇ ಚಿತ್ರವನ್ನು ವರ್ಷದುದ್ದಕ್ಕೂ ತೂಗಹಾಕದೆ ಕೆಲವು ತಿಂಗಳಿಗೊಮ್ಮೆ ಬದಲಾಯಿಸುತ್ತಿರಬೇಕು. ಕಲೆ ತೆಗೆಯುತ್ತೇನೆಂದು ನೀರು ಮುಟ್ಟಿಸಿದರೆ ಕೆಂಪೆಲ್ಲ ಕಡಲಿಗೆ ಹರಡುತ್ತದೆ. ಆ ಕೆಲಸವನ್ನು ಕಾಗದದ ಸಂರಕ್ಷಣೆಯಲ್ಲಿ ತರಬೇತಿ ಪಡೆದವರಿಗೇ ಬಿಡಬೇಕು.

ಕಾಗದಪತ್ರಗಳನ್ನು ಚಿತ್ರದಷ್ಟೇ ಜಾಗರೂಕತೆಯಿಂದ ಇಡಿರಿ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಕಲಾಕೃತಿಯು ಪುರಾವಸ್ತುವೆನಿಸುತ್ತದೆ, ಅದನ್ನು ದೇಶದಿಂದ ಹೊರಕ್ಕೆ ಕಳುಹಿಸುವುದಕ್ಕೆ ನಿರ್ಬಂಧವಿದೆ. ಈ ಎರಡೂ ಯುದ್ಧಗಳ ಹಾಳೆಗಳು ಆ ವಯಸ್ಸನ್ನು ದಾಟಿವೆ. ಪರದೇಶದಲ್ಲಿರುವ ಮಕ್ಕಳಿಗೆ ಕೊಡಬೇಕೆಂದೋ, ಮರಳಿ ಮಾರಬೇಕೆಂದೋ ಆಲೋಚಿಸುವವರು ಚಿತ್ರವು ಹೊರಗಿನಿಂದ ಬಂದುದೆಂಬುದಕ್ಕೆ ಕೊಂಡ ರಸೀತಿ, ಸುಂಕದ ಚೀಟಿ, ಅಂಚೆಯ ದಾಖಲೆಗಳನ್ನು ಒಂದು ಕಡತದಲ್ಲಿ ಕಟ್ಟಿಟ್ಟು, ಕಳುಹಿಸುವುದಕ್ಕೆ ಮೊದಲು ಪುರಾತತ್ತ್ವ ಇಲಾಖೆಯನ್ನು ವಿಚಾರಿಸಬೇಕು. ಅದೇ ಕಡತದಲ್ಲಿ ಪ್ರತಿ ಚಿತ್ರಕ್ಕೂ ಒಂದು ಪುಟ ಮೀಸಲಿರಲಿ: ಚಿತ್ರಕಾರ, ಪ್ರಕಾಶಕ, ಅಂಚಿನ ದಿನಾಂಕ, ಘಟನೆ ನಡೆದ ದಿನಾಂಕ, ಹಾಳೆಗಳ ಅಳತೆ, ಕಂಡ ದೋಷಗಳು, ಯಾರಿಂದ ಎಂದು ಎಷ್ಟಕ್ಕೆ ಕೊಂಡದ್ದು. ಚಿತ್ರದ ಹಿಂಬದಿಯಲ್ಲಿ ಏನನ್ನೂ ಬರೆಯಬಾರದು. ಬರೆಯಲೇಬೇಕಾದರೆ ಅದನ್ನಿಟ್ಟ ರಟ್ಟಿನ ಮೇಲೆ, ಮೆದು ಪೆನ್ಸಿಲಿನಿಂದ.